ಹುಣ್ಣಿಮೆಯ ಸನ್‌ಸೆಟ್ ಬ್ಯಾಚ್

ಹೊನ್ನಾವರದ ಹತ್ತಿರ ಶರಾವತಿ ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದಲ್ಲ, ಅಲ್ಲಿ ನಾನು ಕಯಾಕಿಂಗ್ ಗೈಡ್. ನಮ್ಮ ಬುಕಿಂಗ್ ಸ್ಲಾಟ್‌ಗಳು ವರ್ಷವಿಡೀ ಅದೇ ಹೊತ್ತಿಗೆ. ನೀರು ಹಾಗಲ್ಲ. ಭರತ, ಅಂದರೆ ಕಡಲ ನೀರಿನ ಏರಿಕೆ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಮಧ್ಯಾಹ್ನದ ಹೊತ್ತಿಗೆ ತುಂಬಿ ಸಂಜೆಗೆ ಇಳಿಯುತ್ತದೆ, ಅದೂ ಉಳಿದ ದಿನಗಳಿಗಿಂತ ಜಾಸ್ತಿ. ಮ್ಯಾನೇಜರಿಗೆ ಹೇಳಿದರೆ, "ಸನ್‌ಸೆಟ್ ಸ್ಲಾಟೇ ಮೊದಲು ಫುಲ್ ಆಗೋದು ಮಾರಾಯ" ಎನ್ನುತ್ತಾರೆ.

ಆ ಹುಣ್ಣಿಮೆಗೆ ಬೆಂಗಳೂರಿನ ಆಫೀಸೊಂದರ ಟೀಮ್ ಔಟಿಂಗ್. ಇಬ್ಬರು ಕೂರುವ ಡಬಲ್ ಕಯಾಕ್ ಆರು, ಮುಂದೆ ಲೀಡ್ ನಾನು, ಕೊನೆಯಲ್ಲಿ ಎಲ್ಲರನ್ನೂ ನೋಡಿಕೊಳ್ಳುವ ಸ್ವೀಪ್‌ಗೆ ಹೊಸ ಹುಡುಗ. ಹೊಣೆ ನಮ್ಮದಲ್ಲ ಎಂಬ ವೇವರ್ ಪತ್ರ, ಜಾಕೆಟ್, ಬ್ರೀಫಿಂಗ್ ಎಲ್ಲ ಮುಗಿದು ಮೂರೂವರೆಯ ಬ್ಯಾಚ್ ನೀರಿಗಿಳಿಯುವಾಗ ನಾಲ್ಕಾಗಿತ್ತು. ಕಾಂಡ್ಲದ (ಮ್ಯಾಂಗ್ರೋವ್ ಗಿಡಗಳ) ಬೇರುಗಳಲ್ಲಿ ಮಧ್ಯಾಹ್ನದ ನೀರಿನ ಗುರುತು ಆಗಲೇ ಮೊಳಕ್ಕೂ ಮೇಲೆ ಒಣಗುತ್ತಿತ್ತು. ನೋಡಿದೆ. ನೋಡಿಯೂ ಒಳಗಿನ ಕಾಲುವೆಗೆ ತಿರುಗಿಸಿದೆ. ನಮ್ಮ ಜಾಹೀರಾತಿನ ಫೋಟೋ ಅಲ್ಲಿಯದೇ. ಅದು ಸಿಗದಿದ್ದರೆ ರಿವ್ಯೂನಲ್ಲಿ ನನ್ನ ಹೆಸರು ಬರುತ್ತದೆ. ಹೊರಗೆ ಪಡುಗಾಳಿ ಎದ್ದಿದೆ, ಒಳಗಾದರೆ ಹೊಸಬರಿಗೆ ಸಲೀಸು ಎಂಬ ಸಮಾಧಾನ ಬೇರೆ. ಒಂದು ಆಫೀಸಿನವರೆಲ್ಲ ಫೋಟೋ ತೆಗೆಸಿಕೊಳ್ಳಲು ಎಷ್ಟು ಹೊತ್ತು ಬೇಕು ಎನ್ನುವುದು ಲೆಕ್ಕದಲ್ಲಿರಲಿಲ್ಲ.

ವಾಪಸ್ ತಿರುಗಿದಾಗ ನನ್ನ ಹುಟ್ಟಿನ ತುದಿಗೆ ಕೆಸರು ಸಿಕ್ಕಿತು. ಹಿಂದಿನಿಂದ ಎರಡನೇ ಡಬಲ್ ಕೂತೇಬಿಟ್ಟಿತು. "ಯಾರೂ ಇಳೀಬೇಡಿ" ಎಂದು ನಾನು ಕೂಗುವಷ್ಟರಲ್ಲಿ ಮುಂದಿನ ಸೀಟಿನವರು ತಳ್ಳಲೆಂದು ಇಳಿದರು. ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಅದನ್ನು ಕೀಳಲು ಇನ್ನೊಂದು ಕಾಲು ಊರಿದರು, ಅದು ತೊಡೆಯವರೆಗೆ. ಅಷ್ಟು ಹೊತ್ತೂ ವಿಡಿಯೋ ಮಾಡುತ್ತಿದ್ದವರು ಮೊಬೈಲ್ ಇಳಿಸಿದರು.

ಕಾಂಡ್ಲದ ಕೆಸರಲ್ಲಿ ಕಾಲನ್ನು ನೇರ ಮೇಲಕ್ಕೆ ಎಳೆದಷ್ಟೂ ಅದು ಕಚ್ಚಿಕೊಳ್ಳುತ್ತದೆ. ನನ್ನ ಸಿಂಗಲ್ ಅನ್ನು ಕೆಸರಿನ ಮೇಲೆ ಜಾರಿಸಿ ಪಕ್ಕಕ್ಕೆ ತಂದೆ. "ಸಾರ್, ಎದೆ ಇದರ ಮೇಲೆ ಹಾಕಿ, ಮಲಗಿಬಿಡಿ." ಅವರು ಎಳೆಯುವುದನ್ನು ನಿಲ್ಲಿಸಲಿಲ್ಲ, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವರ ಹಿಂದೆ ಕೂತಿದ್ದವರು ಸಣ್ಣ ದನಿಯಲ್ಲಿ, "ಇಲ್ಲಿ ಮೊಸಳೆ ಇದೆಯಾ?" ಅಂದರು. "ಅದು ದಾಂಡೇಲಿ ಮೇಡಂ" ಎಂದೆ. ಅದಕ್ಕೆ ಸಿಕ್ಕಿಕೊಂಡಿದ್ದವರಿಗೂ ನಗು ಬಂತು, ಎಳೆಯುವುದು ನಿಂತಿತು. ಹಿಮ್ಮಡಿಯನ್ನು ಮೆಲ್ಲಗೆ ಆಡಿಸಿದರು, ಕಾಲಿನ ಸುತ್ತ ಕೆಸರಿನೊಳಗೆ ನೀರು ಇಳಿಯಿತು, ಒಂದೊಂದೇ ಕಾಲು ಬಂತು. ಸ್ಯಾಂಡಲ್ ಬರಲಿಲ್ಲ. ಬೇರಿಗೆ ಅಂಟಿದ್ದ ಕಲ್ವದ, ಅಂದರೆ ಸಿಂಪಿಯ, ಚಿಪ್ಪು ಪಾದ ಸೀಳಿತ್ತು. ಡ್ರೈ ಬ್ಯಾಗ್ ತೆಗೆದರೆ ಅದರಲ್ಲಿ ಕ್ಯಾಮೆರಾ ಮೌಂಟ್ ಇದೆ, ಬ್ಯಾಂಡೇಜ್ ಇಲ್ಲ. ವಾಕಿಟಾಕಿ ಚಾರ್ಜ್ ಇಲ್ಲ. ಎರಡನ್ನೂ ಸಾಮಾನು ಕೇಳುವ ಇಂಡೆಂಟ್‌ನಲ್ಲಿ ಬರೆದು ಬರೆದು ಸಾಕಾಗಿತ್ತು.

ಆ ಸಂಜೆ ಸರಿಯಾಗಿ ಕೆಲಸ ಮಾಡಿದವನು ಸ್ವೀಪ್ ಹುಡುಗ. ನನ್ನ ಮಾತಿಗೆ ಕಾಯದೆ, ತೇಲುತ್ತಿದ್ದವರನ್ನೆಲ್ಲ ಕಾಲುವೆಯ ಬಾಯಿಗೆ ಕರೆದೊಯ್ದು ಕಯಾಕ್‌ಗಳನ್ನು ಪಕ್ಕಪಕ್ಕ ಸೇರಿಸಿ ಹಿಡಿದುಕೊಳ್ಳುವಂತೆ ರಾಫ್ಟ್ ಅಪ್ ಮಾಡಿಸಿ, ಕೊಂಬೆ ಹಿಡಿದು ನಿಂತಿದ್ದ. ಬಿಟ್ಟಿದ್ದರೆ ಇಳಿತದ ಸೆಳೆತ ಅವರನ್ನು ನದಿ ಕಡಲು ಸೇರುವ ಅಳಿವೆಯ ಕಡೆಗೆ ಒಯ್ಯುತ್ತಿತ್ತು. ಕೂತಿದ್ದ ಡಬಲ್ ಅನ್ನು ನಡುವಿನ ಸಣ್ಣ ಹರಿವಿಗೆ ಎಳೆದು ಟೋ ಮಾಡಿಕೊಂಡು ಬರುವಾಗ ಕತ್ತಲಾಗಿತ್ತು.

ಮ್ಯಾನೇಜ್‌ಮೆಂಟ್ ಮಾಡಿದ್ದು ಇಷ್ಟು: ಪಾದರಕ್ಷೆ ಕಳೆದರೆ ನಾವು ಹೊಣೆಯಲ್ಲ ಎಂದು ವೇವರ್‌ನಲ್ಲಿ ಒಂದು ಸಾಲು ಸೇರಿಸಿದರು. ಸ್ಲಾಟ್ ಅದೇ ಇದೆ. ಈಗ ನಾನೇ ತಿಥಿ ನೋಡುತ್ತೇನೆ. ಇಳಿತದ ಸಂಜೆ ಒಳಗೆ ಒಯ್ಯುವುದಿಲ್ಲ. ಹೊರಗಿನ ನೀರಲ್ಲೇ ದಡ ಹಿಡಿದು ಮೊದಲು ಮೇಲ್ಭಾಗಕ್ಕೆ, ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕಿಸುತ್ತೇನೆ. ಬರುವಾಗ ಕೈ ಸೋತಿದ್ದರೂ ನೀರೇ ತರುತ್ತದೆ. ಕಾಂಡ್ಲದ ಫೋಟೋ ಸಿಗಲಿಲ್ಲ ಎಂದು ಮೊನ್ನೆ ಒಬ್ಬರು ಎರಡು ಸ್ಟಾರ್ ಕೊಟ್ಟರು. ಮ್ಯಾನೇಜರ್ ಅದನ್ನು ಸ್ಟಾಫ್ ಗ್ರೂಪಿಗೆ ಹಾಕಿ ನನ್ನನ್ನು ಟ್ಯಾಗ್ ಮಾಡಿದ್ದಾರೆ.