ನಮ್ಮ ಹವಾಲ್ದಾರ್ ಮೇಷ್ಟ್ರು

ಹವಾಲ್ದಾರ್ ಮೇಷ್ಟ್ರು ಹೋಗ್ಬಿಟ್ರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಾಗ ಒಬ್ಬೊಬ್ರೂ ಒಂದೊಂದು ನೆನಪು ಹಾಕ್ತಾ ಹೋದ್ರು. ಪರೇಡು, ವಿಸಿಲ್ಲು, ಲೇಟಾಗಿ ಬಂದ್ರೆ ಗ್ರೌಂಡ್ ಸುತ್ತ ಓಡಿಸ್ತಿದ್ದದ್ದು, ಎಲ್ರದ್ದೂ ಹೆಚ್ಚುಕಮ್ಮಿ ಇದೇ. ಅದೆಲ್ಲಾ ನಿಜಾನೇ. ಆದ್ರೆ ಅವರ ಚಿಕ್ಕ ಮಗಳು ನನ್ನ ಕ್ಲಾಸ್‌ಮೇಟು, ಅವರ ಮನೇಲಿ ಆಡ್ಕೊಂಡೇ ಬೆಳೆದೋಳು ನಾನು, ಹಾಗಾಗಿ ಗ್ರೌಂಡಲ್ಲಿ ಕಾಣದೇ ಇದ್ದ ಮೇಷ್ಟ್ರ ಬಗ್ಗೆ ಬರೀಬೇಕು ಅನ್ಸಿತು.

ಅವರು ಮದ್ರಾಸ್ ಸ್ಯಾಪರ್ಸ್‌ನವರು. 1780ರಿಂದ ಇರೋ ಪಡೆ ಅದು, ಬೆಂಗಳೂರಲ್ಲಿ ಹಲಸೂರು ಕೆರೆ ಹತ್ರ ಅದರ ಸೆಂಟರ್ ಇದೆಯಲ್ಲ, ಅಲ್ಲೇ ಅವರ ಟ್ರೈನಿಂಗ್ ಆಗಿದ್ದು. ಸ್ಯಾಪರ್ ಅಂದ್ರೆ ಎಲ್ಲರಿಗಿಂತ ಮುಂಚೆ ಹೋಗಿ ಉಳಿದೋರಿಗೆ ದಾರಿ ಮಾಡ್ಕೊಡೋನು ಅಂತ ಹೇಳ್ತಿದ್ರು. ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲದಲ್ಲಿ ಹೂತಿಟ್ಟ ಮೈನ್ ಹುಡುಕಿ ತೆಗೆಯೋದು, ಎಲ್ಲಾ ಇವರ ಕೆಲಸಾನೇ. ಜವಾನರು ಹವಾಲ್ದಾರರೆಲ್ಲ ಪೆನ್ಷನ್ ತಗೊಂಡು ಬರೋವಾಗ ಇನ್ನೂ ನಲವತ್ತು ಆಸುಪಾಸು, ಮಕ್ಕಳು ಚಿಕ್ಕವು, ಇನ್ನೊಂದು ಕೆಲಸ ಹಿಡೀಲೇಬೇಕು, ಹಂಗೆ ನಮ್ಮ ಶಾಲೆಗೆ ಡ್ರಿಲ್ ಮೇಷ್ಟ್ರಾಗಿ ಬಂದ್ರು.

1971ರ ಯುದ್ಧದಲ್ಲಿ ಅವರು ಇದ್ದದ್ದು ಪಶ್ಚಿಮದ ಗಡೀಲಿ, ಶಕರ್‌ಗಢ ಸೆಕ್ಟರಲ್ಲಿ. ತಾವಾಗೇ ಯಾವತ್ತೂ ಆ ಮಾತು ಎತ್ತಿದವರಲ್ಲ. ಒಂದ್ಸಲ ಮಳೆ ಬಂದು ಪರೇಡ್ ನಿಂತೋಗಿತ್ತು, ನಾವೆಲ್ಲ ಕಾರಿಡಾರಲ್ಲಿ ಕೂತಿದ್ವಿ, ಯಾರೋ ಹುಡುಗ 'ಸರ್ ಮೈನ್ ಹೆಂಗೆ ಹುಡುಕ್ತಾರೆ' ಅಂತ ಕೇಳ್ದ. ಮೇಷ್ಟ್ರು ಅವನ ಜೇಬಲ್ಲಿದ್ದ ಪೆನ್ಸಿಲ್ ಇಸ್ಕೊಂಡು ಅಂಗಳದ ಒದ್ದೆ ಮಣ್ಣಿಗೆ ಇಳಿದು ಹೊಟ್ಟೆ ಮೇಲೆ ಮಲಗೇಬಿಟ್ರು, ಇಸ್ತ್ರಿ ಮಾಡಿದ ಬಿಳಿ ಬಟ್ಟೇಲಿ. ಪೆನ್ಸಿಲ್‌ನ ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಮೆಲ್ಲಗೆ ಒತ್ತಬೇಕು, ಯಾಕಂದ್ರೆ ಮೈನಿನ ಮೇಲ್ಭಾಗಕ್ಕೆ ಭಾರ ಬಿದ್ರೇನೇ ಅದು ಸಿಡಿಯೋದು, ಪಕ್ಕಕ್ಕೆ ತಾಗಿದ್ರೆ ಗಟ್ಟಿಯಾಗಿ ಏನೋ ಇದೆ ಅಂತ ಕೈಗೆ ಗೊತ್ತಾಗುತ್ತೆ. ಒಂದು ಕಡೆ ಒತ್ತಿ, ಬೆರಳಷ್ಟು ಪಕ್ಕಕ್ಕೆ ಸರಿಸಿ, ಮತ್ತೆ ಒತ್ತಿ, ಹೀಗೇ ಒಂದು ಮಾರು ಜಾಗ ಮಾಡಿ ತೋರಿಸಿದ್ರು, ನಾವ್ಯಾರೂ ಉಸಿರೆತ್ತಿಲ್ಲ. ರಾತ್ರಿ ಕತ್ತಲಲ್ಲಿ, ಮೇಲಿಂದ ಶೆಲ್ ಬೀಳ್ತಿರೋವಾಗ ಹಿಂಗೇ ದಾರಿ ಮಾಡಿ ಎರಡೂ ಪಕ್ಕ ಬಿಳಿ ಟೇಪ್ ಕಟ್ತಾ ಹೋಗ್ಬೇಕಂತೆ, ಹಿಂದೆ ಟ್ಯಾಂಕುಗಳು ಕಾಯ್ತಿರ್ತವಂತೆ. ಬಸಂತರ್ ನದಿ ದಾಟಿದ ರಾತ್ರಿ ಮೈನ್ ಪೂರ್ತಿ ತೆಗೆದು ಮುಗಿಯೋಕೆ ಮುಂಚೇನೇ ಪೂನಾ ಹಾರ್ಸ್‌ನ ಟ್ಯಾಂಕುಗಳು ಆ ನೆಲದ ಮೇಲೇ ನುಗ್ಗಿದ್ವು, ಯಾಕಂದ್ರೆ ಆಚೆ ದಡದಲ್ಲಿದ್ದ ನಮ್ಮೋರಿಗೆ ಆಗಲೇ ಬೇಕಾಗಿತ್ತು ಟ್ಯಾಂಕು. ಅದೇ ರೆಜಿಮೆಂಟಿನ ಅರುಣ್ ಖೇತರ್‌ಪಾಲ್ ಡಿಸೆಂಬರ್ 16ಕ್ಕೆ ತೀರ್ಕೊಂಡಿದ್ದು, 21 ವರ್ಷ ಅಷ್ಟೇ, ಆಮೇಲೆ ಪರಮವೀರ ಚಕ್ರ ಬಂತು. ಆ ಹೆಸರು ಹೇಳೋವಾಗ ಮೇಷ್ಟ್ರು ಎದ್ದು ನಿಂತ್ಕೊಂಡ್ರು. ತಮ್ಮ ಬಗ್ಗೆ ಒಂದಕ್ಷರ ಇಲ್ಲ.

ಅವರು ಅಲ್ಲಿದ್ದಾಗ್ಲೇ ಇಲ್ಲಿ ದೊಡ್ಡ ಮಗಳು ಹುಟ್ಟಿದ್ದು. ಗೊತ್ತಾಗಿದ್ದು ಕಾಗದದಿಂದ, ಅದೂ ಯುದ್ಧ ಎಲ್ಲಾ ಮುಗಿದ ಮೇಲೆ. ಆಗ ಊರಿನ ಹೆಸರೇ ಇರ್ತಿರಲಿಲ್ಲ ಅಡ್ರೆಸ್ಸಲ್ಲಿ, ನಂಬರು, ಹೆಸರು, ಯೂನಿಟ್ಟು, ಕೇರಾಫ್ 56 ಎಪಿಒ (ಅಂದ್ರೆ ಸೇನೆಯ ಪೋಸ್ಟಾಫೀಸು) ಅಷ್ಟೇ, ಗಂಡ ಎಲ್ಲಿದ್ದಾರೆ ಅಂತ ಹೆಂಡ್ತಿಗೆ ಗೊತ್ತಿಲ್ಲ. ಆ ಇನ್‌ಲ್ಯಾಂಡ್ ಲೆಟರ್‌ಗಳನ್ನೆಲ್ಲ ಅಮ್ಮ (ನಾವೂ ಅವರನ್ನ ಅಮ್ಮ ಅಂತಾನೇ ಕರೀತಿದ್ದದ್ದು) ಕಪ್ಪು ಟ್ರಂಕಲ್ಲಿ ಜೋಪಾನ ಮಾಡಿದ್ರು. ವರ್ಷಕ್ಕೆ ಎರಡು ತಿಂಗಳ ರಜೆ, ಸ್ವಲ್ಪ ಕ್ಯಾಶುಯಲ್ಲು, ಮಿಕ್ಕ ಸಮಯವೆಲ್ಲ ಆಯಮ್ಮ ಒಬ್ರೇ ಸಂಸಾರ ತೂಗಿಸಿದ್ದು. 'ನಾನು ಒಂದು ಕಡೆ ನಿಂತು ಡ್ಯೂಟಿ ಮಾಡ್ದೆ ಕಣಮ್ಮಾ, ಅವಳು ಎಲ್ಲಾ ಕಡೆ ನಿಂತ್ಲು' ಅಂತ ಮೇಷ್ಟ್ರು ನಂಗೇ ಹೇಳಿದ್ದಾರೆ.

ಅದಕ್ಕೇ ಇರ್ಬೇಕು, ಬಂದ ಮೇಲೆ ಮನೆಗೆ ಅಂಟ್ಕೊಂಡುಬಿಟ್ರು. ಮಕ್ಕಳ ಯೂನಿಫಾರ್ಮ್ ಇಸ್ತ್ರಿ, ಪುಸ್ತಕಕ್ಕೆ ಬೈಂಡು, ಬೆಳಗ್ಗೆ ಇಬ್ರಿಗೂ ಜಡೆ ಹಾಕೋದು ಎಲ್ಲಾ ಅವರೇ. ನನ್ನ ಫ್ರೆಂಡ್ ಜಡೆ ಎಷ್ಟು ಬಿಗಿ ಅಂದ್ರೆ ಸಂಜೆ ಖೋಖೋ ಆಡಿದ್ರೂ ಒಂದೆಳೆ ಸಡಿಲ ಆಗ್ತಿರಲಿಲ್ಲ. ನಾವು ಒಂಬತ್ತನೇ ಕ್ಲಾಸಲ್ಲಿದ್ದಾಗ ಅಮ್ಮನಿಗೆ ಪಾರ್ಶ್ವವಾಯು ಹೊಡೀತು, ಬಲಗೈ ಬಲಗಾಲು ಎರಡೂ ಹೋದ್ವು. ಅವತ್ತಿಂದ ಮಧ್ಯಾಹ್ನದ ಬೆಲ್ ಆಗಿದ್ದೇ ತಡ ಮೇಷ್ಟ್ರು ಸೈಕಲ್ ಹತ್ತಿ ಮನೆಗೆ. ಊಟ ಮಾಡಿಸಿ, ಅವರ ಕೈ ತಮ್ಮ ತೊಡೆ ಮೇಲಿಟ್ಕೊಂಡು ಒಂದೊಂದೇ ಬೆರಳು ಬಿಡಿಸಿ, ಮಡಚಿ, ಮತ್ತೆ ಬಿಡಿಸಿ, ಕಿರುಬೆರಳಿಂದ ಹೆಬ್ಬೆರಳ ತನಕ, ಅವಸರ ಅನ್ನೋದೇ ಇಲ್ಲ. ಪಕ್ಕದಲ್ಲಿ ಕೂತು ನೋಡ್ತಿದ್ದ ನಂಗೆ ಆ ಮಳೆ ದಿನದ ಪೆನ್ಸಿಲ್ ನೆನಪಾಗ್ತಿತ್ತು. ಎಷ್ಟೋ ತಿಂಗಳಾದ ಮೇಲೆ ಅಮ್ಮ ಲೋಟ ಹಿಡ್ಕೊಂಡ್ರು. ಆ ದಿನ ಮೇಷ್ಟ್ರು ಮಧ್ಯಾಹ್ನದ ಡ್ರಿಲ್ಲಿಗೆ ತಡವಾಗಿ ಬಂದ್ರು, ಕಣ್ಣು ಕೆಂಪಗಿತ್ತು, ನಮಗೆಲ್ಲ ಕಬಡ್ಡಿ ಆಡೋಕೆ ಬಿಟ್ರು. ಅಮ್ಮ ಹೋಗೋ ತನಕ ಅಷ್ಟೂ ವರ್ಷ ಅವರ ಕೆಲಸ ಇನ್ನೊಬ್ರ ಕೈಗೆ ಬಿಡಲಿಲ್ಲ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡ್ಕೊಂಡು ಬಂದಿರೋದು, ಅವತ್ತು ನಮ್ಮ ಕೈಲಿ ಪುಟ್ಟ ಬಾವುಟ ಕೊಟ್ಟು ಹಣ ಸೇರಿಸೋಕೆ ಕಳಿಸ್ತಿದ್ರು. ಒಂದು ರೂಪಾಯಿ ಲೆಕ್ಕ ತಪ್ಪಿದ್ರೂ ಸುಮ್ನೆ ಬಿಡ್ತಿರಲಿಲ್ಲ, 'ಇದು ಗಂಡನ್ನ ಕಳ್ಕೊಂಡ ಹೆಣ್ಮಕ್ಕಳಿಗೆ, ಕಾಲು ಕಳ್ಕೊಂಡೋರಿಗೆ ಹೋಗೋ ದುಡ್ಡು' ಅಂತಿದ್ರು. ನವೆಂಬರ್ ಬಂತು ಅಂದ್ರೆ ವಯಸ್ಸಾದ ಮಿಲಿಟ್ರಿ ಪೆನ್ಷನ್‌ದಾರರು, ವಿಧವೆಯರು ಅವರ ಜಗಲಿ ಮೇಲೆ ಕೂತಿರೋರು, ಜೀವಂತ ಪ್ರಮಾಣಪತ್ರ ಕೊಡದಿದ್ರೆ ಪೆನ್ಷನ್ ನಿಂತೋಗುತ್ತಲ್ಲ, ಎಲ್ಲರನ್ನೂ ಕರ್ಕೊಂಡು ಬ್ಯಾಂಕಿಗೆ ಓಡಾಡೋದು ಇವರೇ.

ಆ 1971ರ ಯುದ್ಧಕ್ಕೆ ಕೊಟ್ಟ ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ಇನ್ನೂ ಒಂದೆರಡು ಪದಕ ಅವರ ಹತ್ರ ಇದ್ವು, ಜನವರಿ 26 ಆಗಸ್ಟ್ 15 ಬಿಟ್ರೆ ಹಾಕ್ತಿರಲಿಲ್ಲ. ಈಗ ಅವು ಚಿಕ್ಕ ಮಗಳ ಮನೇಲಿವೆ. ಆದ್ರೆ ಅವರ ಫೋಟೋ ಮಾತ್ರ ತುಂಬಾ ಕಮ್ಮಿ, ಯಾವ ಗ್ರೂಪ್ ಫೋಟೋದಲ್ಲೂ ಮಕ್ಕಳ ಲೈನ್ ಸರಿಮಾಡ್ತಾ ಆಚೆ ನಿಂತಿರ್ತಿದ್ರು. ನಿಮ್ಮಲ್ಲಿ ಯಾರ ಆಲ್ಬಮಲ್ಲಾದ್ರೂ, ಮೂಲೇಲಿ ಅರ್ಧ ಮುಖ ಕಂಡಿದ್ರೂ ಪರವಾಗಿಲ್ಲ, ದಯವಿಟ್ಟು ಶಾಲೆ ಆಫೀಸಿಗೆ ತಲುಪಿಸಿ, ಕಾಪಿ ತೆಗೆಸ್ಕೊಂಡು ವಾಪಸ್ ಕೊಡ್ತೀವಿ ಅಂತ ಮಕ್ಕಳಿಬ್ರೂ ಹೇಳಿದ್ದಾರೆ.