ಕೇಳಸ್ತೈತಿ, ತಿಳಿಯಂಗಿಲ್ಲ

"ಕೇಳಸ್ತೈತೋ ಯಪ್ಪಾ, ಏನಂದಿ ಅಂತ ತಿಳಿಯಂಗಿಲ್ಲ." ಮೊನ್ನೆ ಭಾನುವಾರ ಹುಬ್ಬಳ್ಳಿಯ ಒಂದು ಗೃಹಪ್ರವೇಶದಲ್ಲಿ ಅಜ್ಜಿ ಮೂರು ಸಲ ಹೇಳಿದ ಮಾತಿದು. ಮೂರೂ ಸಲ ಮಗನ ಉತ್ತರ ಒಂದೇ: "ಮಷೀನಿಂದು ಸೌಂಡ್ ಜಾಸ್ತಿ ಮಾಡ್ಕೋ ಅವ್ವಾ."

ಮಗ ಒಳ್ಳೆಯವನೇ. ಆದರೆ ಇಲ್ಲಿ ಕೆಟ್ಟಿರುವುದು ಹಾಲ್. ಕಿವಿಯ ಮಷೀನು ಮಾತಿನ ಜೊತೆ ಗೋಡೆಯಿಂದ ಮರಳಿದ ಸದ್ದನ್ನೂ ಹಿಗ್ಗಿಸುತ್ತದೆ. ಒಂದು ಅಕ್ಷರದ ಬಾಲ ಮುಂದಿನದನ್ನು ನುಂಗುತ್ತದೆ.

ಹಾಲ್ 5 ಮೀಟರ್ ಉದ್ದ, 4 ಅಗಲ, 3 ಎತ್ತರ. ವಿಟ್ರಿಫೈಡ್ ಟೈಲ್ಸ್, ಪುಟ್ಟಿ ಗೋಡೆ, ದೊಡ್ಡ ಗಾಜು. ಅಮೆರಿಕದ ಹಾರ್ವರ್ಡಿನಲ್ಲಿ ಭೌತವಿಜ್ಞಾನಿ ವಾಲೇಸ್ ಸಬೀನ್ 1895ರಿಂದ ನಾಟಕಶಾಲೆಯ ದಿಂಬುಗಳನ್ನು ಹೊತ್ತು ತಂದು ಕಂಡುಕೊಂಡ ಲೆಕ್ಕ ಇಂದಿಗೂ ಸಾಕು: 0.161ನ್ನು ಕೋಣೆಯ ಘನ ಅಳತೆಯಿಂದ ಗುಣಿಸಿ, ಕೋಣೆ ಸದ್ದು ಹೀರುವ ಒಟ್ಟು ಚದರ ಮೀಟರಿನಿಂದ ಭಾಗಿಸಿ; ಸದ್ದು ಅಡಗಲು ಎಷ್ಟು ಸೆಕೆಂಡು ಬೇಕೆಂದು ಸಿಗುತ್ತದೆ. ಇಂಥ ಖಾಲಿ ಹಾಲ್ ಹೀರುವುದು ಸುಮಾರು 3 ಚದರ ಮೀಟರಿನಷ್ಟು. ಸದ್ದು ಅಡಗಲು 3 ಸೆಕೆಂಡಿಗೂ ಹೆಚ್ಚು ಬೇಕು. 12ಕ್ಕೆ ಏರಿಸಿದರೆ 0.8 ಸೆಕೆಂಡು.

ಇಂಟೀರಿಯರ್‌ನವರು ಒಂದು ಗೋಡೆಗೆ ಥರ್ಮಾಕೋಲ್ ಅಂಟಿಸಿ ದುಡ್ಡು ಎಣಿಸಿಕೊಂಡಿದ್ದಾರೆ. ಇದು ಅನ್ಯಾಯ. ಸದ್ದು ಹೀರುವ ವಸ್ತುವಿಗೆ ಬಾಯಿಟ್ಟು ಊದಿದರೆ ಉಸಿರು ಆಚೆ ದಾಟಬೇಕು, ಥರ್ಮಾಕೋಲ್‌ನಲ್ಲಿ ದಾಟುವುದಿಲ್ಲ. ಘನ ಮೀಟರಿಗೆ 48 ಕೆಜಿ ಸಾಂದ್ರತೆಯ 50 ಮಿ.ಮೀ. ರಾಕ್‌ವೂಲ್ (ಕಲ್ಲು ಕರಗಿಸಿ ತೆಗೆದ ಎಳೆಗಳ ಹಾಸು), 2×4 ಅಡಿಯ ಆರು ಚೌಕಟ್ಟು, ಮೇಲೆ ಬಿಗಿಯಾಗಿ ಹತ್ತಿ ಬಟ್ಟೆ. ಇಷ್ಟಕ್ಕೇ ಹೀರುವ 4 ಚದರ ಮೀಟರ್ ಸಿಗುತ್ತದೆ. ರೆಕ್ಸಿನ್ ಹೊದಿಸಿದರೆ ಕೆಲಸ ಕೆಟ್ಟಂತೆ.

ಅದೇ ಮನೆಯ ಲಾಫ್ಟಿನಲ್ಲಿ ಅಜ್ಜಿ ಹೊಲಿದ ನಾಲ್ಕು ಕೌದಿಗಳಿವೆ, ಹೊಸ ಮನೆಗೆ ಒಪ್ಪುವುದಿಲ್ಲವೆಂದು ಗಂಟು ಕಟ್ಟಿಟ್ಟವು. ಹಳೇ ಸೀರೆಗಳ ಪದರ, ಬೆರಳಗಲಕ್ಕೊಂದು ಹೊಲಿಗೆ. ಗೋಡೆಗೆ 2 ಇಂಚಿನ ರೀಪರ್ (ಮರದ ಪಟ್ಟಿ) ಹೊಡೆದು ಕೌದಿಯನ್ನು ಅದರಿಂದ ತೂಗುಬಿಡಬೇಕು. ಗೋಡೆಗೆ ತಾಗಿದಲ್ಲಿ ಗಾಳಿ ಅಲುಗುವುದಿಲ್ಲ, ತುಸು ದೂರದಲ್ಲಿ ಅಲುಗುತ್ತದೆ; ಆ ಅಲುಗಾಟವನ್ನು ನೂಲು ಹಿಡಿದಾಗಲೇ ಸದ್ದು ಸಾಯುವುದು. ಎದುರುಬದುರು ಗೋಡೆಗಳಲ್ಲಿ ಒಂದಕ್ಕಾದರೂ ಇರಲಿ. ಪರದೆ ಕಿಟಕಿಯ ಎರಡರಷ್ಟು ಅಗಲವಿದ್ದು ನೆರಿಗೆ ಬೀಳಲಿ. ರಸ್ತೆಯ ಹಾರ್ನ್ ಮಾತ್ರ ಇದರಿಂದ ನಿಲ್ಲದು, ಅದಕ್ಕೆ ಕಿಟಕಿಯ ಸಂದು ಮುಚ್ಚಬೇಕು.

ಊಟದ ಹೊತ್ತಿಗೆ ಅಜ್ಜಿ ಮಾತೇ ಬಿಟ್ಟಿದ್ದರು. ವಯಸ್ಸಾಯಿತು, ಹಾಗೇ ಎಂದರು ಯಾರೋ. ಎಷ್ಟು ಮನೆಗಳಲ್ಲಿ ಹಿರಿಯರು ಹೀಗೇ ಮೂಲೆ ಸೇರಿದ್ದಾರೋ! "ಕೇಳಸ್ತೈತಿ" ಎಂದು ಅವರೇ ಹೇಳಿದ್ದರಲ್ಲ.

ಮೊದಲ ಕೌದಿ ಅವರ ಕುರ್ಚಿಯ ಹಿಂದಿನ ಗೋಡೆಗೆ ಬರಲಿ. ಎದುರು ಕೂತು ಮೆಲ್ಲಗೆ ಮಾತಾಡಿ. ಅವರು ತಿಳೀತು ಅಂದಮೇಲೆ ಮೊಳೆ ಹೊಡೆಯಿರಿ.