ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಡ್ರಮ್ಸ್ ಹೇಗೆ ಬಾರಿಸ್ತೀರಿ?

ನನ್ನ ಎರಡೂ ಕಿವಿಯಲ್ಲಿ ಸದಾ ಒಂದು ಸದ್ದು ಇರುತ್ತದೆ. ಎಡಗಿವಿಯಲ್ಲಿ ಸ್ವಲ್ಪ ಜಾಸ್ತಿ. ಜೀರುಂಡೆಯೊಂದು ಉಸಿರೇ ತೆಗೆದುಕೊಳ್ಳದೆ ಕೂಗುತ್ತಿದ್ದರೆ ಹೇಗಿರುತ್ತದೋ ಹಾಗೆ, ಸಣ್ಣಗೆ, ತೀರಾ ಮೇಲಿನ ಶ್ರುತಿಯಲ್ಲಿ. ಹೊರಗೆ ಏನೂ ಇಲ್ಲದಿದ್ದರೂ ಒಳಗೆ ಕೇಳಿಸುವ ಈ ಸದ್ದಿಗೆ ಟಿನ್ನಿಟಸ್ ಅನ್ನುತ್ತಾರೆ. ಅದರ ಜೊತೆಗೆ ಕೇಳುವ ಶಕ್ತಿಯೂ ಒಂದಷ್ಟು ಹೋಗಿದೆ. ಡ್ರಮ್ಸ್ ಬಾರಿಸುವುದೇ ನನ್ನ ಕೆಲಸ. ಹಾಗಾಗಿ ವಿಷಯ ಗೊತ್ತಾದವರೆಲ್ಲ ಕೇಳುವುದು ಒಂದೇ: ಅಷ್ಟು ಸದ್ದು ಒಳಗಿಟ್ಟುಕೊಂಡು ಹೇಗೆ ಬಾರಿಸ್ತೀರಿ?

ಬಾರಿಸುವುದು ಕಷ್ಟವಲ್ಲ. ಬಾರಿಸಿ ಮುಗಿಸಿದ ಮೇಲೆ ಕಷ್ಟ. ಸಂಗೀತ ಶುರುವಾದರೆ ನನ್ನ ಜೀರುಂಡೆ ಅದರಡಿ ಮುಳುಗಿಹೋಗುತ್ತದೆ. ಎಲ್ಲ ಮುಗಿದು, ಬಾಗಿಲು ಹಾಕಿ, ದೀಪ ಆರಿಸಿ ಮಲಗಿದಾಗ ಮತ್ತೆ ಎದ್ದು ಬರುತ್ತದೆ. ನಾನು ಕಳೆದುಕೊಂಡಿದ್ದು ಸಂಗೀತವನ್ನಲ್ಲ, ನಿಶ್ಶಬ್ದವನ್ನು.

ಇದು ಒಂದೇ ರಾತ್ರಿಯಲ್ಲಿ ಆದದ್ದಲ್ಲ. ಜೋರಾಗಿ ಬಾರಿಸಿದ ದಿನ ಕಿವಿ ಗುಂಯ್ ಅನ್ನುತ್ತಿತ್ತು. ಹತ್ತಿ ತುರುಕಿದ ಹಾಗೆ ಮಂಕಾಗುತ್ತಿತ್ತು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿತ್ತು. ನಾವೆಲ್ಲ ಅದನ್ನು ಒಳ್ಳೆಯ ಪ್ರದರ್ಶನದ ಗುರುತು ಅಂತಲೇ ನಂಬಿದ್ದೆವು. ಸರಿಹೋಯಿತಲ್ಲ, ಮತ್ತೇನು? ಆದರೆ ಕಿವಿ ಪೂರ್ತಿ ಸರಿಹೋಗಿರಲಿಲ್ಲ. ಒಳಗಿವಿಯ ಬಸವನ ಹುಳುವಿನ ಚಿಪ್ಪಿನಂಥ ಭಾಗದಲ್ಲಿ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ, ಒಂದೊಂದು ಕಿವಿಯಲ್ಲಿ ಸುಮಾರು 15,000. ಸದ್ದಿನ ಅಲೆಗೆ ಬಾಗಿ, ಮಿದುಳಿಗೆ ಸುದ್ದಿ ಮುಟ್ಟಿಸುವುದು ಇವೇ. ಸಣ್ಣ ಪೆಟ್ಟು ಬಿದ್ದರೆ ಬಾಗಿದ್ದು ನೆಟ್ಟಗಾಗಬಹುದು. ಸತ್ತರೆ ಹೋಯಿತು. ಹಕ್ಕಿಗಳಲ್ಲಿ ಇವು ಮತ್ತೆ ಹುಟ್ಟುತ್ತವೆ. ನಮ್ಮಲ್ಲಿ ಹುಟ್ಟುವುದಿಲ್ಲ.

ಒಂದು ದಿನ ಮಧ್ಯಾಹ್ನವಾದರೂ ಗುಂಯ್ ನಿಲ್ಲಲಿಲ್ಲ. ಸಂಜೆಯಾಯಿತು. ವಾರ ಕಳೆಯಿತು.

ಕಿವಿ ಪರೀಕ್ಷೆಗೆ ಹೋದಾಗ ಸದ್ದೇ ಬಾರದ ಪುಟ್ಟ ಕೋಣೆಯೊಳಗೆ ಕೂರಿಸಿದರು. ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗೆಲ್ಲ ಒತ್ತಬೇಕು. ಕೆಳಗಿನ ಶ್ರುತಿಗಳು ಸುಲಭವಾಗಿ ಸಿಕ್ಕವು. ಮೇಲೆ ಹೋಗುತ್ತಾ ಹೋಗುತ್ತಾ ಗೊಂದಲ ಶುರುವಾಯಿತು. ಕೇಳುತ್ತಿರುವುದು ಯಂತ್ರದ ಸದ್ದೋ ನನ್ನ ಸದ್ದೋ? ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತಿದ್ದೆ. ಬೆವರಿಗೆ ಗುಂಡಿ ಜಾರುತ್ತಿತ್ತು. ದಿನವಿಡೀ ಲೆಕ್ಕ ತಪ್ಪದೆ ತಾಳ ಹಿಡಿಯುವ ನನಗೆ, ಒಂದು ಬೀಪ್ ಬಂತೋ ಇಲ್ಲವೋ ಅಂತ ಹೇಳಲು ಆಗಲಿಲ್ಲ. ಹೊರಗೆ ಬಂದಾಗ ಆಡಿಯೋಗ್ರಾಂ, ಅಂದರೆ ಯಾವ ಶ್ರುತಿ ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ಗೆರೆಚಿತ್ರ, ತೋರಿಸಿದರು. ನೆಟ್ಟಗೆ ಹೋಗುತ್ತಿದ್ದ ಗೆರೆ 4,000 ಹರ್ಟ್ಸ್ (ಶ್ರುತಿಯ ಅಳತೆ) ಹತ್ತಿರ ಹಳ್ಳಕ್ಕೆ ಬಿದ್ದು, 8,000ದ ಹೊತ್ತಿಗೆ ಅರ್ಧಕ್ಕೆ ಮೇಲೆದ್ದಿತ್ತು. ಸದ್ದಿನಿಂದ ಹಾಳಾದ ಕಿವಿಯ ಗೆರೆ ಸಾಮಾನ್ಯವಾಗಿ ಹೀಗೇ ಇರುತ್ತದಂತೆ. ಎಡಗಿವಿಯ ಹಳ್ಳ ಇನ್ನೂ ಆಳ. ನನ್ನ ಹೈ-ಹ್ಯಾಟ್, ಅಂದರೆ ಒಂದರ ಮೇಲೊಂದಿರುವ ಜೋಡಿ ಲೋಹದ ತಟ್ಟೆ, ಇರುವುದು ಎಡಗಡೆಗೇ.

ಹಾಗಾದರೆ ಶ್ರುತಿ ಹೇಗೆ ಗೊತ್ತಾಗುತ್ತದೆ ಅಂತಲೂ ಕೇಳುತ್ತಾರೆ. ಪಿಯಾನೋದ ಕೊನೆಯ ಕೀಯೇ ಸುಮಾರು 4,186 ಹರ್ಟ್ಸ್. ಅಂದರೆ ನಾವು ಹಾಡುವ, ನುಡಿಸುವ ಸ್ವರಗಳ ಮೂಲ ಸದ್ದು ಹೆಚ್ಚುಕಮ್ಮಿ ಎಲ್ಲವೂ ನನ್ನ ಗೆರೆಯ ಹಳ್ಳಕ್ಕಿಂತ ಕೆಳಗಿನ ಶ್ರುತಿಯಲ್ಲಿದೆ. ನನಗೆ ಕಮ್ಮಿಯಾಗಿರುವುದು ಮೇಲಿನ ಹೊಳಪು. ಸಿಂಬಲ್ ಹೊಡೆದಾಗಿನ ಪೆಟ್ಟು ಕೇಳಿಸುತ್ತದೆ, ಆಮೇಲೆ ತೆಳ್ಳಗೆ ಹರಡುವ ಝಲ್ ಬೇಗ ಮುಗಿದುಹೋಗುತ್ತದೆ. ಅದು ಮುಗಿದಿಲ್ಲ ಅಂತ ಕೈಗೆ ಗೊತ್ತು, ಮುಟ್ಟಿದರೆ ಲೋಹ ಇನ್ನೂ ನಡುಗುತ್ತಿರುತ್ತದೆ.

ನಿಜವಾದ ತೊಂದರೆ ಮಾತಿನಲ್ಲಿ. ಸ, ಶ, ಫ ಥರದ ಅಕ್ಷರಗಳ ಜೀವ ಇರುವುದೇ ಆ ಮೇಲಿನ ಭಾಗದಲ್ಲಿ. ಒಂದು ಸೌಂಡ್‌ಚೆಕ್‌ನಲ್ಲಿ, ವೇದಿಕೆ ಮೇಲೆ ನಮಗೇ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್‌ನ ಸದ್ದು ಹೆಚ್ಚಿಸುತ್ತಿದ್ದೆ. ಗೆಳೆಯ ಆ ತುದಿಯಿಂದ "ಸಾಕು" ಅಂದ. ನನಗೆ ಕೇಳಿಸಿದ್ದು "ಹಾಕು". ಇನ್ನೂ ಹಾಕಿದೆ. ಅವನು ಕಿವಿ ಮುಚ್ಚಿಕೊಂಡು ಓಡಿ ಬಂದ. ಅವತ್ತು ನನಗೆ ಬಹಳ ಹೆದರಿಕೆಯಾಯಿತು. ನನ್ನ ಕಿವಿಯಿಂದಾಗಿ ಇನ್ನೊಬ್ಬರ ಕಿವಿಗೂ ಪೆಟ್ಟು ಬೀಳಬಹುದು ಅಂತ ಹೊಳೆದದ್ದು ಆಗಲೇ.

ಅಲ್ಲಿಂದ ಇಯರ್‌ಪ್ಲಗ್ ಇಲ್ಲದೆ ಕೋಲು ಮುಟ್ಟಿಲ್ಲ. ಲೆಕ್ಕ ಸರಳ, ಆದರೆ ಯಾರೂ ಹೇಳಿಕೊಡುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಬಹಳ ಕಡೆ ಒಪ್ಪಿರುವ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ! ಡ್ರಮ್ಸ್ ಮುಂದೆ ಕೂತವರ ಕಿವಿಗೆ 100 ದಾಟುವುದು ಮಾಮೂಲು. ಈಗ ಇದನ್ನೇ ತಿರುಗಿಸಿ ನೋಡಿ. ಸದ್ದನ್ನು 15 ಡೆಸಿಬೆಲ್ ಇಳಿಸುವ ಪ್ಲಗ್ ಹಾಕಿದರೆ ಅದೇ 15 ನಿಮಿಷ 8 ಗಂಟೆಯಾಗುತ್ತದೆ. ಕಿವಿಗೆ ಸರಿಯಾಗಿ ಕೂರಬೇಕು, ಅಷ್ಟೇ.

ಸ್ಪಂಜಿನ ಪ್ಲಗ್ ಹಾಕಿ ನೋಡಿ "ಸಂಗೀತವೇ ಕೇಳಿಸಲ್ಲ" ಅಂತ ಬಿಸಾಕಿದವರು ನನಗೆ ಬಹಳ ಜನ ಗೊತ್ತು. ಅವರದು ತಪ್ಪಲ್ಲ. ಸ್ಪಂಜು ಮೇಲಿನ ಶ್ರುತಿಗಳನ್ನೇ ಜಾಸ್ತಿ ನುಂಗುತ್ತದೆ, ಕಂಬಳಿ ಹೊದ್ದು ಕೇಳಿದ ಹಾಗಿರುತ್ತದೆ. ಸಂಗೀತಗಾರರಿಗೆ ಅಂತಲೇ ಮಾಡುವ ಪ್ಲಗ್‌ನಲ್ಲಿ ಚಿಕ್ಕ ಫಿಲ್ಟರ್ ಇರುತ್ತದೆ. ಅದು ಮೇಲಿನದು ಕೆಳಗಿನದು ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ಸಮ ಇಳಿಸುತ್ತದೆ. ನನಗೆ ಅಭ್ಯಾಸವಾಗಲು ಆರು ವಾರ ಬೇಕಾಯಿತು. ಮೊದಮೊದಲು ಕೇಳಿಸುತ್ತಿಲ್ಲ ಅಂತ ಇನ್ನೂ ಜೋರಾಗಿ ಹೊಡೆಯುತ್ತಿದ್ದೆ, ಮಣಿಕಟ್ಟು ನೋಯುತ್ತಿತ್ತು. ಆಮೇಲೆ ಕೈ ತಾನಾಗಿ ಹಗುರವಾಯಿತು.

ಇನ್ನು ರಾತ್ರಿಯ ವಿಷಯ. ಮೊದಲ ಕೆಲವು ತಿಂಗಳು ನಿದ್ದೆ ಇರಲಿಲ್ಲ. ಸದ್ದು ಎಷ್ಟಿದೆ, ನಿನ್ನೆಗಿಂತ ಜಾಸ್ತಿಯಾಯಿತಾ, ಅಂತ ಕತ್ತಲಲ್ಲಿ ಕಿವಿಗೊಟ್ಟು ಅಳೆಯುತ್ತಾ ಮಲಗಿರುತ್ತಿದ್ದೆ. ಅಳೆದಷ್ಟೂ ಬೆಳೆಯುತ್ತಿತ್ತು. 1876ರಲ್ಲಿ ಚೆಕ್ ಸಂಗೀತಗಾರ ಸ್ಮೆತಾನಾ, ಕಿವಿ ಪೂರ್ತಿ ಹೋದ ಎರಡು ವರ್ಷದ ನಂತರ, ತನ್ನ ಮೊದಲ ತಂತಿವಾದ್ಯ ಚತುಷ್ಕದ ಕೊನೆಯ ಭಾಗದಲ್ಲಿ ತನ್ನ ಕಿವಿಯೊಳಗಿನ ಸದ್ದನ್ನೇ ಬರೆದಿಟ್ಟ. ಸಂಭ್ರಮದಿಂದ ಓಡುತ್ತಿರುವ ಸಂಗೀತ ತಟ್ಟನೆ ನಿಲ್ಲುತ್ತದೆ, ಮೇಲೆ ವಯೊಲಿನ್‌ನ ಒಂದೇ ಸ್ವರ ಉದ್ದಕ್ಕೆ ನಿಂತುಬಿಡುತ್ತದೆ. ಅದನ್ನು ಕೇಳಿದ ರಾತ್ರಿ ಅತ್ತಿದ್ದೆ. ಇದು ಇನ್ನೊಬ್ಬರಿಗೂ ಕೇಳಿಸಿತ್ತಲ್ಲ ಅನ್ನಿಸಿತ್ತು.

ಈ ಸದ್ದನ್ನು ಅಳಿಸುವ ಮಾತ್ರೆ ಇಲ್ಲ. ಇದೆ ಅಂತ ಮಾರುವವರಿದ್ದಾರೆ, ದಯವಿಟ್ಟು ನಂಬಬೇಡಿ. ನನಗೆ ದಾರಿ ತೋರಿಸಿದ್ದು ಒಬ್ಬ ಮನಶ್ಶಾಸ್ತ್ರಜ್ಞೆ. ಸಿಬಿಟಿ ಎಂಬ, ಮಾತುಕತೆಯ ಮೂಲಕ ಯೋಚಿಸುವ ರೀತಿ ಬದಲಿಸುವ ಚಿಕಿತ್ಸೆ ಸದ್ದನ್ನು ಕಮ್ಮಿ ಮಾಡುವುದಿಲ್ಲ, ಸದ್ದಿನ ಭಯವನ್ನು ಕಮ್ಮಿ ಮಾಡುತ್ತದೆ. ಅವರು 1953ರ ಒಂದು ಪ್ರಯೋಗದ ಬಗ್ಗೆ ಹೇಳಿದರು. ಕಿವಿ ಚೆನ್ನಾಗಿರುವ 80 ಜನರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತದೆ ಅಂತ ಕೇಳಿದಾಗ, ಶೇಕಡಾ 94 ಜನ ಏನೋ ಒಂದು ಸದ್ದು ಕೇಳಿಸುತ್ತಿದೆ ಅಂದರಂತೆ. ಪೂರ್ತಿ ನಿಶ್ಶಬ್ದ ಅನ್ನುವುದು ಯಾರಿಗೂ ಅಷ್ಟಾಗಿ ಸಿಗುವುದಿಲ್ಲ. ಇದು ತಿಳಿದ ಮೇಲೆ ನನಗೆ ಎಷ್ಟು ಹಗುರವಾಯಿತು ಅಂದರೆ, ಆ ವಾರವೇ ಒಂದು ರಾತ್ರಿ ಪೂರ್ತಿ ಮಲಗಿದೆ. ಈಗ ಹಾಸಿಗೆ ಪಕ್ಕ ಮಳೆಯ ಸದ್ದು ಹಾಕಿಡುತ್ತೇನೆ. ಜೀರುಂಡೆಯನ್ನು ಮುಚ್ಚುವಷ್ಟು ಜೋರಾಗಿ ಅಲ್ಲ, ಅದಕ್ಕಿಂತ ಒಂದು ಕೂದಲೆಳೆ ಕೆಳಗೆ. ಎರಡೂ ಕೇಳಿಸುತ್ತಿರುತ್ತವೆ, ಯಾವುದನ್ನೋ ಕೇಳುತ್ತಾ ನಿದ್ದೆ ಬರುತ್ತದೆ.

ಒಂದು ಮಾತು ಮಾತ್ರ ತಪ್ಪದೆ ಹೇಳಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ವೈದ್ಯರ ಹತ್ತಿರ ಹೋಗಿ. ಅದಕ್ಕೆ ಚಿಕಿತ್ಸೆ ಇದೆ, ಬೇಗ ಶುರುವಾಗಬೇಕು. ಸದ್ದು ಒಂದೇ ಕಿವಿಯಲ್ಲಿದ್ದರೂ, ನಾಡಿಯ ಹಾಗೆ ಬಡಿಯುತ್ತಿದ್ದರೂ ತೋರಿಸಲೇಬೇಕು.

ಎಲ್ಲರ ಎರಡನೇ ಪ್ರಶ್ನೆ, "ಈಗಲೂ ಕೇಳಿಸ್ತಿದೆಯಾ?" ನೀವು ಕೇಳಿದ್ದಕ್ಕೆ ಕೇಳಿಸುತ್ತಿದೆ. ಒಂದು ಗಂಟೆಯಿಂದ ಇದರ ಬಗ್ಗೆಯೇ ಬರೆಯುತ್ತಾ ಕೂತಿದ್ದೇನೆ, ಎಡಗಿವಿ ಸಾಕಷ್ಟು ಜೋರಾಗಿದೆ. ಪ್ಲಗ್ ಡಬ್ಬಿ ಜೇಬಿನಲ್ಲಿದೆ. ಅಭ್ಯಾಸಕ್ಕೆ ಹೊತ್ತಾಯಿತು.